ಆ್ಯನ್ ಉಳಿದಳು, ನೀನು ಹೊರಡು

ಗಂಗಾವತಿ

ಚಿ. ಕು. ಚಿನ್ನಿಗೆ ನಿನ್ನ ಸೋದರತ್ತಿ ಮಾಡುವ ಆಶೀರ್ವಾದಗಳು.

ನಾನು, ನಿನ್ನ ಮಾಮಾ ಇಬ್ಬರೂ ಇಲ್ಲಿ ಕ್ಷೇಮ. ನೀನು ಕಳಿಸಿದ ಉದ್ದನೆಯ ಮೆಸೇಜು ಓದಿದೆ. ಫೋನ್ ಮಾಡಿದರೆ ನೀನು ಅಳುತ್ತೀ, ಪಕ್ಕದಲ್ಲೇ ಕುಳಿತ ಅಜ್ಜಿ ಕೇಳಿಸಿಕೊಳ್ಳುತ್ತಾಳೆ, ಹೇಳಬೇಕಾದದ್ದು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಒಬ್ಬಳೇ ಕುಳಿತು ಓದು.

ನೀನು ಬರೆದದ್ದು ಇಷ್ಟು: "ಅತ್ತಿ, ಪುಸ್ತಕ ಮುಗೀತು. ಆ್ಯನ್ ಸ್ಕಾಲರ್‌ಶಿಪ್ ಬಿಟ್ಟು ಮರಿಲ್ಲಾನ ಹತ್ರ ಉಳದ್ಲು. ನಾನೂ ಅಜ್ಜಿ ಹತ್ರ ಉಳೀತೀನಿ. ಶಿರಸಿ ಅರಣ್ಯ ಕಾಲೇಜಿನ ಸೀಟು ಬ್ಯಾಡ. ನಾಲ್ಕನೇ ಚಾಯ್ಸ್ ಒತ್ತಿ ಬಿಡ್ತೀನಿ." ನಾಲ್ಕನೇ ಚಾಯ್ಸ್ ಅಂದರೆ ಸಿಕ್ಕ ಸೀಟು ಬಿಟ್ಟು ಪೂರ್ತಿ ಹೊರಗೆ ಬರುವುದು. ಆ ಪುಸ್ತಕ ನಿನ್ನ ಕೈಗೆ ಕೊಟ್ಟವಳು ನಾನು. ಅನಾಥ ಹುಡುಗಿ ಆ್ಯನ್, ಅವಳನ್ನು ಸಾಕಿದ ಮರಿಲ್ಲಾ, ಮರಿಲ್ಲಾಳ ಅಣ್ಣ ಮ್ಯಾಥ್ಯೂ, ಈ ಮೂವರ ಕಥೆ ಅದು. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ 'ಆ್ಯನ್ ಆಫ್ ಗ್ರೀನ್ ಗೇಬಲ್ಸ್'ನ 38 ಅಧ್ಯಾಯಗಳನ್ನೂ ಇಂಗ್ಲಿಷಿನಲ್ಲೇ ಮುಗಿಸಿದೆಯಲ್ಲ, ಅದಕ್ಕೆ ಮೊದಲು ನನ್ನ ಶಾಬಾಸ್ ತಗೋ. ಆದರೆ ಓದಿ ನೀನು ಮಾಡಿಕೊಂಡ ತೀರ್ಮಾನವನ್ನು ಆ ಪುಸ್ತಕ ಹೇಳಿಲ್ಲ. ಆ್ಯನ್ ಹೆಸರು ಹೇಳಿಕೊಂಡು ನೀನು ಆ ಸೀಟು ಬಿಟ್ಟರೆ ನಿನಗಷ್ಟೇ ಅಲ್ಲ, ಆ ಹುಡುಗಿಗೂ ಅನ್ಯಾಯ. ಅದು ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಕೂದಲಿಗೆ ಬಣ್ಣ ಹಚ್ಚಿಕೊಂಡು ಹಸಿರು ಮಾಡಿಕೊಂಡದ್ದು, ಕೇಕಿಗೆ ವೆನಿಲಾ ಅಂತ ನೋವಿನ ಎಣ್ಣೆ ಸುರಿದದ್ದು ಓದಿ ಹೊಟ್ಟೆ ಹುಣ್ಣಾಗುವಂತೆ ನಕ್ಕೆ ಅಂತ ಬರೆದಿದ್ದೀ. ನಗಬೇಕಾದ ಜಾಗಗಳೇ ಅವು. ಆದರೆ ಅದಕ್ಕೂ ಹಿಂದೆ, ಐದನೆಯ ಅಧ್ಯಾಯದಲ್ಲಿ, ಮರಿಲ್ಲಾ ಗಾಡಿ ಹೊಡೆಯುತ್ತ ಆ ಹುಡುಗಿಗೆ ನಿನ್ನ ಕಥೆ ಹೇಳು ಅಂತಾಳೆ. ತಿರುಗಿ ಆ ಅಧ್ಯಾಯಕ್ಕೆ ಹೋಗು. ಅಪ್ಪ ಅಮ್ಮ ಇಬ್ಬರೂ ಶಾಲೆಯ ಮಾಸ್ತರರು, ಮಗುವಿಗೆ ಮೂರು ತಿಂಗಳಾದಾಗ ಜ್ವರದಿಂದ ತೀರಿಕೊಂಡರು. ಮೊದಲು ಒಬ್ಬಾಕೆಯ ಮನೆಯಲ್ಲಿ ಚಾಕರಿ, ಗಂಡ ಕುಡುಕ. ಆಮೇಲೆ ಇನ್ನೊಬ್ಬಾಕೆಯ ಮನೆ, ಅಲ್ಲಿ ಎಂಟು ಮಕ್ಕಳು, ಅದರಲ್ಲಿ ಮೂರು ಸಲ ಅವಳಿ. ಅವರನ್ನೆಲ್ಲ ಎತ್ತಿ ಆಡಿಸಿದವಳು ಈ ಮಗು. ಕೊನೆಗೆ ಅನಾಥಾಲಯ. ಮರಿಲ್ಲಾ ಕೇಳುತ್ತಾಳೆ, ಆ ಹೆಂಗಸರು ನಿನ್ನನ್ನು ಚೆನ್ನಾಗಿ ನೋಡಿಕೊಂಡರೇನು ಅಂತ. ಅಷ್ಟೊತ್ತು ಒಂದೇ ಸಮನೆ ಮಾತಾಡುತ್ತಿದ್ದ ಹುಡುಗಿ ಅಲ್ಲಿ ತಡವರಿಸುತ್ತಾಳೆ. ಮುಖ ಕೆಂಪಾಗುತ್ತದೆ. ಅವರಿಗೆ ಮನಸ್ಸಿತ್ತು, ನೋಡಿಕೊಳ್ಳಬೇಕೆಂದೇ ಇತ್ತು ಅಂತ ಅವರ ಪರವಾಗಿಯೇ ಹೇಳಿ ಮುಗಿಸುತ್ತಾಳೆ. ಮರಿಲ್ಲಾ ಮತ್ತೆ ಕೇಳುವುದಿಲ್ಲ. ಹೇಳದೆ ಬಿಟ್ಟದ್ದೆಲ್ಲ ಅವಳಿಗೆ ತಿಳಿಯುತ್ತದೆ. ಅವಳೊಳಗೆ ಮರುಕ ಹುಟ್ಟುವುದು ಅಲ್ಲೇ.

ಕಾದಂಬರಿ ಓದುವುದನ್ನು ಆ ಗಾಡಿಯಲ್ಲಿ ಕುಳಿತ ಮರಿಲ್ಲಾಳಿಂದ ಕಲಿ. ಆ್ಯನ್‌ಳದು ಬರೀ ಬಾಯಿಬಡಕತನ ಅಂದುಕೊಂಡರೆ ಪುಸ್ತಕ ಅರ್ಧವೇ ಸಿಕ್ಕ ಹಾಗೆ. ಆ ಕುಡುಕನ ಮನೆಯಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು ಇತ್ತು, ನೆನಪಿದೆಯೇ? ಒಂದು ಬಾಗಿಲಿನ ಗಾಜನ್ನು ಆತ ಕುಡಿದು ಒಡೆದಿದ್ದ. ಒಡೆಯದೆ ಉಳಿದ ಇನ್ನೊಂದು ಗಾಜಿನಲ್ಲಿ ತನ್ನ ಮುಖ ನೋಡಿ, ಅದಕ್ಕೆ ಕೇಟಿ ಮಾರಿಸ್ ಅಂತ ಹೆಸರಿಟ್ಟು, ಅವಳನ್ನೇ ಗೆಳತಿ ಮಾಡಿಕೊಂಡು ಮಾತಾಡುತ್ತಿದ್ದಳು ಈ ಮಗು. ಎರಡನೆಯ ಮನೆಯಲ್ಲಿ ಅದೂ ಇಲ್ಲ, ಕಣಿವೆಯ ಪ್ರತಿಧ್ವನಿಯೇ ಗೆಳತಿ. ಅವಳ ಕಲ್ಪನೆ ಶೋಕಿಯಿಂದ ಬಂದದ್ದಲ್ಲ ಚಿನ್ನಿ. ಅದಿಲ್ಲದಿದ್ದರೆ ಆ ಮಗು ಬದುಕಿ ಉಳಿಯುತ್ತಿರಲಿಲ್ಲ.

ಇಂಥ ಮಕ್ಕಳನ್ನು ನಾನು ನೋಡಿದ್ದೇನೆ. ಗ್ರಾಮೀಣ ಬ್ಯಾಂಕಿನ ಕೌಂಟರಿನಲ್ಲಿದ್ದಾಗ ಸ್ತ್ರೀಶಕ್ತಿ ಸಂಘದ ಹೆಂಗಸರ ಹಿಂದೆ ಸೊಂಟದ ಮೇಲೆ ತಮ್ಮನನ್ನು ಎತ್ತಿಕೊಂಡು ಬರುತ್ತಿದ್ದ ಎಂಟು ಒಂಬತ್ತು ವರ್ಷದ ಹುಡುಗಿಯರು ಇರುತ್ತಿದ್ದರು. ಶಾಲೆಗೆ ಹೋಗಿಲ್ಲೇನು ಅಂದರೆ ತಾಯಿಯ ಮುಖ ನೋಡುತ್ತಿದ್ದವು. ನಮ್ಮ ಕುಷ್ಟಗಿ ಕಡೆ ಬೀಜದ ಹತ್ತಿಯ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ, ಅಂದರೆ ಹೂವಿಗೆ ಕೈಯಿಂದ ಪರಾಗ ಹಚ್ಚುವ ಕೆಲಸಕ್ಕೆ, ಹೋದ ಹುಡುಗಿಯರು ನಿನ್ನ ತರಗತಿಯಲ್ಲೇ ಇದ್ದರು, ನೀನೇ ಹೇಳಿದ್ದೆ. ಅವರಲ್ಲಿ ಎಷ್ಟು ಜನ ತಿರುಗಿ ಶಾಲೆಗೆ ಬಂದರು ಅಂತ ನಿನಗೆ ಗೊತ್ತಿದೆ. ಆ್ಯನ್ ಓದುವಾಗ ಅವರು ನಿನ್ನ ಕಣ್ಣ ಮುಂದೆ ಬರಬೇಕು.

ಕಥೆ ನಡೆಯುವ ದ್ವೀಪದ ಮಣ್ಣೂ ನಮ್ಮ ಮಸಾರಿಯ ಹಾಗೆ ಕೆಂಪು. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಗಾಳಿ ನೀರು ತಾಗಿ ತುಕ್ಕಿನ ಬಣ್ಣ ಬಂದಿದೆ. ಮೊದಲ ದಿನವೇ ಆ್ಯನ್ ಮ್ಯಾಥ್ಯೂನನ್ನು ಕೇಳುತ್ತಾಳೆ, ಈ ದಾರಿಗಳು ಯಾಕೆ ಕೆಂಪು ಅಂತ. ಪಾಪ, ಅವನಿಗೆ ಗೊತ್ತಿಲ್ಲ. ನೀನು ಸಣ್ಣವಳಿದ್ದಾಗ ನಮ್ಮ ಹೊಲದ ಬದುವಿನ ಮೇಲೆ ನಿಂತು ನಿನ್ನಪ್ಪನನ್ನು ಇದೇ ಪ್ರಶ್ನೆ ಕೇಳಿದ್ದೆ, ಈ ಕಡೆ ಎರೆ, ಆ ಕಡೆ ಮಸಾರಿ, ಯಾಕಪ್ಪಾ ಅಂತ. ಅವನೂ ಉತ್ತರ ಹೇಳಲಿಲ್ಲ. ಮಣ್ಣು, ಗಿಡ, ಮಳೆ ಇವುಗಳ ಲೆಕ್ಕವನ್ನು ನಾಲ್ಕು ವರ್ಷ ಕೂಡಿಸಿ ಕಲಿಸುವ ಜಾಗ ಶಿರಸಿಯ ಅರಣ್ಯ ಕಾಲೇಜು. ಅಲ್ಲಿಗೆ ಹೋಗುವ ದಾರಿ ನಿನಗೆ ತೆರೆದಿದೆ, ನೀನು ಮುಚ್ಚಲು ಹೊರಟಿದ್ದೀ.

ಗಂಡು ಹುಡುಗನೇ ಬೇಕು ಅನ್ನುವ ಮಾತಿಗೆ ಬರುತ್ತೇನೆ. ಈ ಕಾದಂಬರಿ ಹುಟ್ಟಿದ್ದೇ ಅಲ್ಲಿಂದ. ವಯಸ್ಸಾದ ಅಣ್ಣ ತಂಗಿ, ಹೊಲದ ಕೆಲಸಕ್ಕೆ ಆಗಲಿ ಅಂತ ಅನಾಥಾಲಯದಿಂದ ಹುಡುಗನನ್ನು ಕೇಳಿದರು, ಯಾರದೋ ಮಾತು ತಪ್ಪಿ ಹುಡುಗಿ ಬಂದಳು. ಲೇಖಕಿ ಮಾಂಟ್‌ಗೊಮರಿ ತನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಇಷ್ಟನ್ನೇ ಗುರುತು ಹಾಕಿಕೊಂಡಿದ್ದಳು, ಅದೇ ಬೆಳೆದು ಪುಸ್ತಕವಾಯಿತು. ತಾನು ಬೇಕಾಗಿರಲಿಲ್ಲ ಅಂತ ಗೊತ್ತಾದಾಗ ಆ್ಯನ್ ಅಳುವುದನ್ನು ನಮ್ಮ ಕಡೆಯ ಯಾವ ಹೆಣ್ಣುಮಗಳೂ ಸುಮ್ಮನೆ ಓದಿ ದಾಟಲಾರಳು. ಎರಡನೆಯದೂ ಹೆಣ್ಣು ಅಂದ ಕೂಡಲೇ ಆಸ್ಪತ್ರೆಯ ಹೊರಗೆ ಕುಳಿತವರ ಮುಖ ಹೇಗಾಗುತ್ತದೆ ಅಂತ ನಾವೆಲ್ಲ ನೋಡಿದವರೇ.

ಮ್ಯಾಥ್ಯೂ ಅದಕ್ಕೆ ಕೊಟ್ಟ ಉತ್ತರ ಪುಸ್ತಕದ ಕೊನೆಯಲ್ಲಿದೆ. ಸಾಯುವ ಹಿಂದಿನ ಸಂಜೆ. ನಾನು ಹುಡುಗನಾಗಿದ್ದರೆ ನಿಮ್ಮ ಕೆಲಸಕ್ಕೆ ಆಗುತ್ತಿದ್ದೆನಲ್ಲ ಅಂತಾಳೆ ಆ್ಯನ್. ಹನ್ನೆರಡು ಹುಡುಗರಿಗಿಂತ ನನಗೆ ನೀನೇ ಬೇಕು ಅಂತಾನೆ ಆತ. ಏವ್ರಿ ಸ್ಕಾಲರ್‌ಶಿಪ್ ತಂದದ್ದು ಹುಡುಗ ಅಲ್ಲವಲ್ಲ, ಹುಡುಗಿ, ನನ್ನ ಹುಡುಗಿ ಅಂತಾನೆ. ಇಡೀ ಪುಸ್ತಕದಲ್ಲಿ ನಾಲ್ಕು ಮಾತು ಕೂಡಿಸಿ ಆಡದ ಮನುಷ್ಯ ಅವನು, ಹೆಂಗಸರನ್ನು ಕಂಡರೆ ದಾರಿ ಬಿಟ್ಟು ಸರಿಯುವವನು. ಉಬ್ಬು ತೋಳಿನ ಫ್ರಾಕ್ ಕೊಡಿಸಬೇಕು ಅಂತ ಅಂಗಡಿಗೆ ಹೋದವನು, ಕೌಂಟರಿನಲ್ಲಿ ಹೆಂಗಸನ್ನು ನೋಡಿ ಗಾಬರಿಯಾಗಿ, ತೋಟದ ಕುಂಟೆಯನ್ನೂ 20 ಪೌಂಡು ಕಂದು ಸಕ್ಕರೆಯನ್ನೂ ಹೊತ್ತುಕೊಂಡು ಮನೆಗೆ ಬಂದವನು. ಅಂಥವನ ಬಾಯಿಂದ ಆ ಮಾತು ಬಂತು ಅಂದರೆ ಅದರ ತೂಕ ನೋಡು.

ನಿನ್ನಪ್ಪನೂ ಬಾಯಿ ಬಿಟ್ಟು ಹೇಳುವವನಲ್ಲ. ನನ್ನ ತಮ್ಮ, ನನಗೆ ಗೊತ್ತು. ಮೊನ್ನೆ ಭತ್ತದ ಲೋಡಿನ ಜೊತೆ ಗಂಗಾವತಿಗೆ ಬಂದಾಗ ಊಟಕ್ಕೆ ಕುಳಿತ. ಕೈ ತೊಳೆದ ಮೇಲೆ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದು ನಿನ್ನ ಮಾಮಾನ ಮುಂದೆ ಇಟ್ಟ. ನಿನ್ನ ಸೀಟ್ ಅಲಾಟ್‌ಮೆಂಟಿನ ಪ್ರಿಂಟು. "ಹುಡುಗಿಗೆ ಶಿರಸಿ ಬಂದೈತಿ" ಅಂದ, ಅಷ್ಟೇ. ಮತ್ತೆ ಮಡಿಚಿ ಜೇಬಿಗೆ ಇಟ್ಟುಕೊಂಡ. ಅದನ್ನು ಅವನು ಇನ್ನೂ ಎಷ್ಟು ಜನರಿಗೆ ತೋರಿಸಿದ್ದಾನೋ. ನಾಲ್ಕನೇ ಚಾಯ್ಸ್ ಒತ್ತುವ ಮುಂಚೆ ಆ ಕಾಗದದ ಬಗ್ಗೆ ಯೋಚನೆ ಮಾಡು.

ಇನ್ನು ಕೊನೆಯ ಅಧ್ಯಾಯ. ದಾರಿ ತಿರುಗುತ್ತದೆ, ತಿರುವಿನ ಆಚೆ ಏನಿದೆಯೋ ಗೊತ್ತಿಲ್ಲ, ಒಳ್ಳೆಯದೇ ಇರುತ್ತದೆ ಅಂತ ನಂಬುತ್ತೇನೆ ಅಂತ ಆ್ಯನ್ ಹೇಳುವ ಮಾತನ್ನು ನೀನು ಸ್ಟೇಟಸ್ಸಿಗೆ ಹಾಕಿದ್ದೀ. ಎಲ್ಲರಿಗೂ ಇಷ್ಟವಾಗುವ ಮಾತು ಅದು. ನನಗೆ ಅದಕ್ಕಿಂತ ಇಷ್ಟವಾದದ್ದು ಅದರ ಹಿಂದೆ ಮುಂದೆ ಇರುವ ಲೆಕ್ಕ. ಹೊಲವನ್ನು ಮುಂದಿನ ವರ್ಷಕ್ಕೆ ನೆರೆಯ ಬ್ಯಾರಿ ಅವರು ಗುತ್ತಿಗೆಗೆ ಕೇಳಿದ್ದಾರೆ, ಅದರ ಚಿಂತೆ ಇಲ್ಲ ಅಂತಾಳೆ. ಊರ ಶಾಲೆ ಸಹಪಾಠಿ ಗಿಲ್ಬರ್ಟನಿಗೆ ಗೊತ್ತಾಗಿದೆ, ಆದರೆ ಪಕ್ಕದ ಕಾರ್ಮೋಡಿ ಊರಿನ ಶಾಲೆ ನನಗೆ ಸಿಗುತ್ತದೆ, ನಿನ್ನೆ ರಾತ್ರಿ ಅಂಗಡಿಯಲ್ಲಿ ಕೇಳಿಕೊಂಡು ಬಂದೆ ಅಂತಾಳೆ. ಬೆಚ್ಚಗಿನ ದಿನಗಳಲ್ಲಿ ಮನೆಯಿಂದಲೇ ಗಾಡಿಯಲ್ಲಿ ಹೋಗಿ ಬರುತ್ತೇನೆ, ಚಳಿಗಾಲದಲ್ಲಿ ಶುಕ್ರವಾರಕ್ಕೊಮ್ಮೆ ಬರುತ್ತೇನೆ, ಅದಕ್ಕೊಂದು ಕುದುರೆ ಇಟ್ಟುಕೊಳ್ಳೋಣ ಅಂತಾಳೆ. ಕಾಲೇಜಿನ ಪಾಠವನ್ನೂ ಮನೆಯಲ್ಲೇ ಕುಳಿತು ಓದುತ್ತೇನೆ ಅಂತಾಳೆ. ಕೆರೆಗೆ ಹೊಳೆಯುವ ನೀರಿನ ಸರೋವರ ಅಂತ ಹೆಸರಿಟ್ಟ ಹುಡುಗಿಯೇ ಇವಳು. ಅವಳ ಕಲ್ಪನೆ ಸತ್ತುಹೋಯಿತು, ಅವಳನ್ನು ಬಗ್ಗಿಸಿ ಬಿಟ್ಟರು ಅಂತ ನಿನಗೆ ಸಿಟ್ಟು ಬಂದಿದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಇಲ್ಲದ್ದನ್ನು ಕಣ್ಣ ಮುಂದೆ ತಂದುಕೊಳ್ಳುವ ಆ ಶಕ್ತಿಯನ್ನೇ ಅವಳು ಈಗ ಒಂದು ಮನೆ ಮುರಿಯದಂತೆ ಹಿಡಿಯುವುದಕ್ಕೆ ಬಳಸಿದಳು. ಹದಿನೈದರ ಹೊತ್ತಿಗೆ ಅವಳ ಮಾತು ಕಡಿಮೆಯಾಯಿತು ನಿಜ, ಮರಿಲ್ಲಾನೇ ಅದನ್ನು ಗಮನಿಸಿ ಕೇಳುತ್ತಾಳೆ. ಆದರೆ ಪುಸ್ತಕದಲ್ಲಿ ಅವಳು ಅತಿ ಗಟ್ಟಿಯಾಗಿ ಮಾತಾಡುವುದು ಈ ಕೊನೆಯ ಅಧ್ಯಾಯದಲ್ಲೇ. ಬೇಡ, ನನಗಾಗಿ ನೀನು ತ್ಯಾಗ ಮಾಡಬೇಡ ಅಂತ ಮರಿಲ್ಲಾ ಎಷ್ಟು ಅಡ್ಡ ಬಂದರೂ ಅವಳು ಜಗ್ಗುವುದಿಲ್ಲ.

ಈಗ ಅವಳ ಕೈಯಲ್ಲಿ ಏನಿತ್ತು, ನಿನ್ನ ಕೈಯಲ್ಲಿ ಏನಿದೆ, ಎದುರು ಬದುರು ಬರೆದು ನೋಡು.

ಅವಳು ಕ್ವೀನ್ಸ್ ಅಕಾಡೆಮಿ ಮುಗಿಸಿ ಮೊದಲ ದರ್ಜೆಯ ಶಿಕ್ಷಕಿಯ ಲೈಸೆನ್ಸು ಪಡೆದಿದ್ದಳು. ನಾಳೆಯಿಂದಲೇ ದುಡಿಯಬಲ್ಲಳು. ಅವಳು ಬಿಟ್ಟದ್ದು ನಾಲ್ಕು ವರ್ಷ, ವರ್ಷಕ್ಕೆ 250 ಡಾಲರಿನಂತೆ ಬರಬೇಕಿದ್ದ ಸ್ಕಾಲರ್‌ಶಿಪ್, ಹೌದು, ಸಣ್ಣದಲ್ಲ. ಆದರೆ ಓದನ್ನೂ ದುಡಿಮೆಯನ್ನೂ ಬಿಡಲಿಲ್ಲ. ನಿನ್ನ ಕೈಯಲ್ಲಿರುವುದು ಪಿಯುಸಿ ಮಾರ್ಕ್ಸ್ ಕಾರ್ಡು. ಅದನ್ನು ಹಿಡಿದು ಮನೆಯಲ್ಲಿ ಕುಳಿತರೆ ಎರಡು ವರ್ಷದೊಳಗೆ ನಿನಗೆ ಗಂಡು ನೋಡಲು ಶುರುಮಾಡುತ್ತಾರೆ. ಅಜ್ಜಿಯನ್ನು ನೋಡಿಕೊಳ್ಳಲು ಉಳಿದವಳು ಬೇರೆಯವರ ಅತ್ತೆ ಮಾವನನ್ನು ನೋಡಿಕೊಳ್ಳಲು ಹೋಗುತ್ತೀ. ಕಹಿ ಅನ್ನಿಸಿದರೂ ಇದನ್ನು ನಾನು ಹೇಳಲೇಬೇಕು, ನಮ್ಮೂರಲ್ಲಿ ಇನ್ಯಾರೂ ನಿನಗೆ ಹೇಳುವುದಿಲ್ಲ.

ಎರಡನೆಯದು, ಅವರ ಮನೆಯಾದ ಗ್ರೀನ್ ಗೇಬಲ್ಸ್‌ಗೆ ಬಂದದ್ದು ಎಂಥ ಕಷ್ಟ ಅಂತ ನೋಡು. ಬ್ಯಾಂಕಿನವಳಾದ ನನಗೆ ಮ್ಯಾಥ್ಯೂನ ಸಾವಿನ ಪುಟ ಓದುವುದು ಇವತ್ತಿಗೂ ಕಷ್ಟ. ಅವರ ದುಡ್ಡೆಲ್ಲ ಅಬೆ ಬ್ಯಾಂಕಿನಲ್ಲಿತ್ತು. ಬೇರೆ ಕಡೆ ಇಡು ಅಂತ ಮರಿಲ್ಲಾ ಹೇಳಿದ್ದಳು. ಬ್ಯಾಂಕಿನ ಯಜಮಾನ, ಮುದುಕ ಅಬೆ ಅವರಪ್ಪನ ಸ್ನೇಹಿತ ಅಂತ ಮ್ಯಾಥ್ಯೂ ಬಿಡಲಿಲ್ಲ. ಬ್ಯಾಂಕಿಗೆ ಏನೂ ಆಗಿಲ್ಲ ಅಂತ ಹಿಂದಿನ ದಿನವಷ್ಟೇ ಒಬ್ಬರು ಹೇಳಿದ್ದರು. ಮರುದಿನ ಪೇಪರಿನಲ್ಲಿ ಬ್ಯಾಂಕು ಮುಳುಗಿದ ಸುದ್ದಿ ಓದಿ ಬಾಗಿಲಲ್ಲೇ ಕುಸಿದ. ಆ ಕಾಲದಲ್ಲಿ ಮುಳುಗಿದರೆ ಮುಳುಗಿತು, ಕೇಳುವವರಿಲ್ಲ. ಕೆನಡಾದಲ್ಲಿ ಠೇವಣಿ ವಿಮೆ ಬಂದದ್ದು 1967ರಲ್ಲಿ. ನಮ್ಮಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು 1960ರಲ್ಲಿ ಮುಳುಗಿ ಜನ ಬೀದಿಗೆ ಬಿದ್ದ ಮೇಲೆ 1962ರ ಜನವರಿ 1ರಿಂದ ಜಾರಿಗೆ ಬಂತು. ಈಗ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿ ತನಕ ರಕ್ಷಣೆ ಇದೆ. ಇದನ್ನು ಹೇಳಿದ್ದು ಯಾಕೆಂದರೆ, ಆ್ಯನ್ ಉಳಿದದ್ದು ಬರೀ ಪ್ರೀತಿಯಿಂದ ಅಂತ ನೀನು ತಿಳಿದಿದ್ದೀ. ಪ್ರೀತಿ ಇತ್ತು. ಅದರ ಜೊತೆಗೆ ಮನೆಯ ಗಂಡಸು ಹೋಗಿದ್ದ, ದುಡ್ಡು ಹೋಗಿತ್ತು, ಮನೆ ಕೊಳ್ಳಲು ಗಿರಾಕಿ ಬಂದು ಮಾತಾಡಿ ಹೋಗಿದ್ದ. ಮೂರನೆಯವರು ಯಾರೂ ಇರಲಿಲ್ಲ. ನಿನ್ನ ಮನೆಯಲ್ಲಿ ಅಪ್ಪ ಇದ್ದಾನೆ, ಹೊಲ ಇದೆ, ನಾನಿದ್ದೇನೆ.

ಕಣ್ಣಿನ ಮಾತೂ ಹಾಗೆಯೇ. ಓದು, ಹೊಲಿಗೆ ಎಲ್ಲ ಬಿಡಬೇಕು, ಅಳಬಾರದು, ಕೊಟ್ಟ ಕನ್ನಡಕ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಆರು ತಿಂಗಳಲ್ಲಿ ಪೂರ್ತಿ ಕುರುಡು ಅಂತ ಮರಿಲ್ಲಾಗೆ ಡಾಕ್ಟರು ಹೇಳಿದ್ದು. ನಿನ್ನ ಅಜ್ಜಿಗೆ ಬಂದಿರುವುದು ಪೊರೆ. ಕಣ್ಣಿನೊಳಗಿನ ಮಸೂರ ಮಂಜಾಗಿದೆ, ಅದನ್ನು ತೆಗೆದು ಹೊಸದು ಕೂಡಿಸುತ್ತಾರೆ, ಬಹಳ ಸಲ ಅದೇ ದಿನ ಮನೆಗೆ ಕಳಿಸುತ್ತಾರೆ. ಶುಗರ್ ಹಿಡಿತಕ್ಕೆ ಬರಲಿ ಅಂತ ಡಾಕ್ಟರು ಕಾಯಿಸಿದ್ದಾರೆ, ಅಷ್ಟೇ. ಎರಡಕ್ಕೂ ಹೋಲಿಕೆ ಇಲ್ಲ. ತಾಯಿ ಇಲ್ಲದ ನಿನ್ನನ್ನು ಎದೆಗವಚಿಕೊಂಡು ಬೆಳೆಸಿದವಳು ನೀನು ಹೋದ ಮೇಲೆ ತಡವರಿಸುತ್ತ ಒಲೆ ಮುಂದೆ ಕೂರುತ್ತಾಳಲ್ಲ ಅಂತ ನಿನ್ನ ಸಂಕಟ. ಆ ಸಂಕಟ ನಿನಗೆ ಇಲ್ಲದಿದ್ದರೆ ನನಗೆ ಬೇಸರವಾಗುತ್ತಿತ್ತು. ನಾನೂ ಅವಳ ಮಗಳೇ ಚಿನ್ನಿ. ಆ ಭಾರ ಮೊದಲು ನನ್ನದು, ನಿನ್ನಪ್ಪನದು. ಹದಿನೆಂಟು ವರ್ಷದವಳದ್ದಲ್ಲ.

ಲೇಖಕಿಯ ಬದುಕನ್ನೂ ನೀನು ಓದಿಕೊಂಡಿದ್ದೀ ಅಂತ ಕಾಣುತ್ತದೆ, ಅವಳೂ ಅಜ್ಜಿಗಾಗಿ ಉಳಿದಳಲ್ಲ ಅಂತ ಬರೆದಿದ್ದೀ. ಉಳಿದಳು. ಎರಡು ವರ್ಷ ತುಂಬುವ ಮುಂಚೆಯೇ ತಾಯಿಯನ್ನು ಕಳೆದುಕೊಂಡು ಅಜ್ಜ ಅಜ್ಜಿಯ ಹತ್ತಿರ ಬೆಳೆದವಳು. 1898ರಲ್ಲಿ ಅಜ್ಜ ಹೋದ ಮೇಲೆ ಮಾಸ್ತರಿಕೆ ಬಿಟ್ಟು ಅಜ್ಜಿಯ ಹತ್ತಿರ ಬಂದಳು. ಮದುವೆ ಗೊತ್ತಾಗಿದ್ದರೂ ಅಜ್ಜಿ ಇರುವ ತನಕ ಆಗಲಿಲ್ಲ. 1911ರಲ್ಲಿ ಅಜ್ಜಿ ತೀರಿಕೊಂಡ ಮೇಲೆ, 36 ತುಂಬಿದವಳು, ಅದೇ ವರ್ಷ ಮದುವೆಯಾದಳು. ಆದರೆ ಅದಕ್ಕೆ ಮುಂಚೆ ಅವಳು ಏನೇನು ಮಾಡಿದ್ದಳು ನೋಡು. ಷಾರ್ಲಟ್‌ಟೌನಿನ ಕಾಲೇಜಿನಲ್ಲಿ ಎರಡು ವರ್ಷದ ಪಾಠವನ್ನು ಒಂದೇ ವರ್ಷದಲ್ಲಿ ಮುಗಿಸಿ ಶಿಕ್ಷಕಿಯ ಲೈಸೆನ್ಸು ತೆಗೆದುಕೊಂಡಳು. ಹ್ಯಾಲಿಫ್ಯಾಕ್ಸಿಗೆ ಹೋಗಿ ಡಾಲ್ಹೌಸಿ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಸಾಹಿತ್ಯ ಓದಿದಳು. ಮೂರು ಊರುಗಳಲ್ಲಿ ಪಾಠ ಮಾಡಿದಳು. ನಡುವೆ ಒಮ್ಮೆ ಹ್ಯಾಲಿಫ್ಯಾಕ್ಸಿನ ಪತ್ರಿಕೆಯಲ್ಲೂ ಕೆಲಸ ಮಾಡಿ ಬಂದಳು. ಇಷ್ಟೆಲ್ಲ ಒಳಗೆ ತುಂಬಿಕೊಂಡು ಬಂದು ಅಜ್ಜಿಯ ಅಡುಗೆಮನೆಯಲ್ಲಿ ಕುಳಿತವಳು ಅವಳು. ಆ ಮನೆಯೇ ಊರಿನ ಅಂಚೆ ಕಚೇರಿಯಾಗಿತ್ತು. ಕಥೆಗಳು ತಿರಸ್ಕಾರವಾಗಿ ತಿರುಗಿ ಬಂದರೆ ಊರಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ, ತಾನೇ ಟಪಾಲು ಬಿಚ್ಚಿ ಇಟ್ಟುಕೊಳ್ಳುತ್ತಿದ್ದಳು. ಈ ಕಾದಂಬರಿಯನ್ನೂ ಹಲವು ಪ್ರಕಾಶಕರು ಬೇಡ ಅಂದರು. ಟೋಪಿಯ ಡಬ್ಬಿಯಲ್ಲಿ ಹಾಕಿಟ್ಟಳು. ಮತ್ತೆ ಹೊರತೆಗೆದು ಕಳಿಸಿದ ಮೇಲೆ 1908ರಲ್ಲಿ ಬಾಸ್ಟನ್ನಿನಲ್ಲಿ ಅಚ್ಚಾಯಿತು. ಉಳಿಯುವುದಕ್ಕೂ ಬಂಡವಾಳ ಬೇಕು ಚಿನ್ನಿ, ಅದನ್ನು ಹೊರಗೆ ಹೋಗಿಯೇ ಗಳಿಸಿಕೊಂಡು ಬರಬೇಕು.

ನೀನು ಇನ್ನೂ ಓದದ ಒಂದು ವಿಷಯ ಹೇಳುತ್ತೇನೆ. ಮುಂದಿನ ಪುಸ್ತಕ 1909ರಲ್ಲಿ ಬಂತು, ಅದರ ಮುಂದಿನದು 1915ರಲ್ಲಿ. ಆ್ಯನ್ ಕೊನೆಗೆ ಕಾಲೇಜಿಗೆ ಹೋಗುತ್ತಾಳೆ, ಎರಡು ವರ್ಷ ತಡವಾಗಿ. ಹೋಗಲು ದಾರಿ ಮಾಡಿಕೊಟ್ಟವಳು ಯಾರು ಗೊತ್ತೇ? ರೇಚಲ್ ಲಿಂಡ್. ಮೊದಲ ಪುಸ್ತಕದಲ್ಲಿ ಆ್ಯನ್‌ಳ ಮುಖದ ಮೇಲೇ ಕೆಂಪು ಕೂದಲು, ಕುರೂಪಿ ಅಂತ ಬೈದು, ಅವಳ ಕೈಯಲ್ಲಿ ಬೈಸಿಕೊಂಡ ಅದೇ ಹೆಂಗಸು. ಗಂಡ ತೀರಿಕೊಂಡ ಮೇಲೆ ಅವಳು ಮರಿಲ್ಲಾಳ ಜೊತೆ ಇರಲು ಗ್ರೀನ್ ಗೇಬಲ್ಸ್‌ಗೇ ಬರುತ್ತಾಳೆ. ಮನೆಯಲ್ಲಿ ಇನ್ನೊಂದು ಹೆಂಗಸು ಬಂದಳು, ಹುಡುಗಿ ಓದಲು ಹೊರಟಳು. ಲೇಖಕಿಗೂ ಆ ತ್ಯಾಗವನ್ನು ಹಾಗೇ ಕೊನೆಯಾಗಿ ಬಿಡಲು ಮನಸ್ಸಾಗಲಿಲ್ಲ ಅಂತ ನಾನು ತಿಳಿದಿದ್ದೇನೆ.

ನಿನ್ನ ಮನೆಗೆ ಬರುವ ಆ ಹೆಂಗಸು ನಾನೇ. ನಿವೃತ್ತಿಯಾಗಿದ್ದೇನೆ, ಮಕ್ಕಳು ಅವರವರ ಪಾಡಿಗೆ ಇದ್ದಾರೆ. ಮಗಳ ಮನೆಯಲ್ಲಿ ನಾನು ಇರೋದಿಲ್ಲ ಅಂತ ಅವ್ವ ಹಟ ಮಾಡುತ್ತಾಳೆ, ಅದು ನನಗೂ ಗೊತ್ತು. ಇರುವುದು ಬೇಡ. ನಾನೇ ತವರಿಗೆ ಬರುತ್ತೇನೆ. ಆಪರೇಶನ್ ಆಗಿ, ಡ್ರಾಪ್ಸ್ ಹಾಕುವ ದಿನಗಳು ಮುಗಿದು, ಅವಳು ತಾನೇ ಸೂಜಿಗೆ ದಾರ ಪೋಣಿಸುವ ತನಕ ಅಲ್ಲೇ ಇರುತ್ತೇನೆ. ನಿನ್ನ ಮಾಮಾ ಒಪ್ಪಿದ್ದಾರೆ, ವಾರಕ್ಕೊಮ್ಮೆ ಬಂದು ಹೋಗುತ್ತಾರೆ. ಆಮೇಲೆ ಹೇಗೆ ಅನ್ನುವುದನ್ನು ನಾನು, ನಿನ್ನಪ್ಪ ಕೂತು ಮಾತಾಡುತ್ತೇವೆ.

ಅಜ್ಜಿಯನ್ನು ಕೇಳದೆ ನೀನು ನಿರ್ಧಾರ ಮಾಡಿದ್ದೀ ಅನ್ನುವುದೂ ನನಗೆ ಸರಿ ಕಾಣಲಿಲ್ಲ. ಈ ಕಾದಂಬರಿಯಲ್ಲಿ ದೊಡ್ಡವಳಾಗುವುದು ಆ್ಯನ್ ಒಬ್ಬಳೇ ಅಲ್ಲ, ಮರಿಲ್ಲಾನೂ. ನಗುವುದಕ್ಕೇ ಮರೆತಿದ್ದ ಹೆಂಗಸು. ಬ್ರೂಚು ಕಳೆದದ್ದು ಆ್ಯನ್‌ಳಿಂದಲೇ ಅಂತ ಹಟ ಹಿಡಿದವಳು ತನ್ನ ಶಾಲಿನಲ್ಲೇ ಅದು ಸಿಕ್ಕಾಗ ಹುಡುಗಿಯ ಮುಂದೆ ಒಪ್ಪಿಕೊಂಡಳು. ಮ್ಯಾಥ್ಯೂ ಸತ್ತ ರಾತ್ರಿ ಕತ್ತಲಲ್ಲಿ ಆ್ಯನ್‌ಳನ್ನು ಅಪ್ಪಿಕೊಂಡು, ನಾನು ನಿನ್ನ ಜೊತೆ ಬಿರುಸಾಗಿ ನಡೆದುಕೊಂಡೆ, ಆದರೆ ನಿನ್ನನ್ನು ಹೊಟ್ಟೆಯಲ್ಲಿ ಹುಟ್ಟಿದವಳ ಹಾಗೆ ಪ್ರೀತಿಸುತ್ತೇನೆ ಅಂತ ಬಾಯಿಬಿಟ್ಟಳು. ಇಡೀ ಪುಸ್ತಕದಲ್ಲಿ ನನ್ನನ್ನು ಅತಿಯಾಗಿ ಅಲುಗಾಡಿಸಿದ ಪುಟ ಅದು. ನಿನ್ನ ಅಜ್ಜಿಯೂ ಅಂಥವಳೇ, ಅವಳ ಬಾಯಿ ಒರಟು. ಅವಳ ಹತ್ತಿರ ಹೋಗಿ, ನಾನು ಶಿರಸಿಗೆ ಹೋಗಲೋ ಬೇಡವೋ ಅಂತ ನೇರವಾಗಿ ಕೇಳು. ಏನು ಹೇಳುತ್ತಾಳೆ ಅಂತ ನನಗೆ ಗೊತ್ತು, ಆದರೆ ಅದನ್ನು ನೀನು ಅವಳ ಬಾಯಿಂದಲೇ ಕೇಳಬೇಕು.

ಇನ್ನೆರಡು ಮಾತು, ಬೇಗ ಮುಗಿಸುತ್ತೇನೆ. ಕ್ಯಾರೆಟ್ ಅಂದ ಗಿಲ್ಬರ್ಟನ ತಲೆಯ ಮೇಲೆ ಆ್ಯನ್ ಸ್ಲೇಟು ಒಡೆದದ್ದು ನಿನಗೆ ಬಹಳ ಇಷ್ಟವಾಯಿತು. ಸಿಟ್ಟು ನ್ಯಾಯವಾದದ್ದೇ. ಆದರೆ ಆ ಹುಡುಗ ಕ್ಷಮೆ ಕೇಳಿದ ಮೇಲೂ, ಕೆರೆಯಲ್ಲಿ ಮುಳುಗುವುದರಿಂದ ಪಾರು ಮಾಡಿದ ಮೇಲೂ ವರ್ಷಗಟ್ಟಲೆ ಮಾತು ಬಿಟ್ಟಳಲ್ಲ, ಅದು ಬೇಕಿರಲಿಲ್ಲ ಅಂತ ಅವಳಿಗೇ ಆಮೇಲೆ ಅನ್ನಿಸಿತು. ಹಾಸ್ಟೆಲಿನಲ್ಲಿ ನಿನ್ನ ಮಾತಿನ ಧಾಟಿ ಕೇಳಿ ಯಾರಾದರೂ ಅಣಕಿಸಬಹುದು. ಅಲ್ಲೇ ಎದುರು ಹೇಳು, ಅಲ್ಲೇ ಮುಗಿಸು. ಹಾಗೆಯೇ ಈ ಪುಸ್ತಕದಲ್ಲಿ ಫ್ರೆಂಚ್ ಕೂಲಿ ಹುಡುಗರ ಬಗ್ಗೆ ಮರಿಲ್ಲಾ ಆಡುವ ಮಾತು ಕೀಳಾಗಿದೆ, ಲೇಖಕಿ ಅದನ್ನು ತಿದ್ದುವುದೂ ಇಲ್ಲ. ಇಷ್ಟಪಟ್ಟ ಪುಸ್ತಕದಲ್ಲಿ ಇಂಥದ್ದು ಕಂಡರೆ ಕಣ್ಣು ಮುಚ್ಚಬೇಡ. ಹೂವು ಗಿಡಗಳ ವರ್ಣನೆಯಲ್ಲಿ ಇಂಗ್ಲಿಷು ಕಷ್ಟವಾಯಿತು, ಬಿಟ್ಟು ಓದಿದೆ ಅಂದಿದ್ದೀ. ಆ ಪುಟಗಳನ್ನು ಅಲ್ಲಿ ಮಲೆನಾಡಿನಲ್ಲಿ ಕುಳಿತು ಮತ್ತೆ ಓದು. ಬಯಲು ಸೀಮೆಯಿಂದ ಹೋದವಳ ಕಣ್ಣಿಗೆ ಆ ಕಾಡು ಕಂಡಾಗ, ಮೊದಲ ದಿನ ಗಾಡಿಯಲ್ಲಿ ಸೇಬಿನ ಹೂವಿನ ಸಾಲು ನೋಡಿ ಆ್ಯನ್ ಯಾಕೆ ಮಾತೇ ನಿಲ್ಲಿಸಿದಳು ಅಂತ ತಿಳಿಯುತ್ತದೆ.

ಆಗಬೇಕಾದ ಕೆಲಸಗಳು: ಪೋರ್ಟಲಿನಲ್ಲಿ ಸೀಟು ಒಪ್ಪಿಕೊಳ್ಳುವ ಮೊದಲನೇ ಚಾಯ್ಸ್ ಒತ್ತು, ಕೊನೆಯ ದಿನದ ತನಕ ಕಾಯಬೇಡ, ಸರ್ವರ್ ಕೈಕೊಡುತ್ತದೆ. ಫೀ ಚಲನ್ ತೆಗೆದು ಫೋಟೋ ಕಳಿಸು, ಆ ದುಡ್ಡು ನಾನು ಹಾಕುತ್ತೇನೆ. ಅಪ್ಪನಿಗೆ ಹೇಳು, ಹತ್ತಿ ಮಾರುವ ತನಕ ಅದನ್ನು ನನಗೆ ತಿರುಗಿ ಕೊಡುವ ಮಾತು ಎತ್ತಬಾರದು ಅಂತ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಅರ್ಹತಾ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಟಿಸಿ, ಎಲ್ಲದರ ಮೂಲಪ್ರತಿ ಮತ್ತು ಮೂರು ಮೂರು ಝೆರಾಕ್ಸ್ ಒಂದೇ ಫೈಲಿನಲ್ಲಿ ಇಡು. ಶಿರಸಿಯ ಮಳೆ ನಮ್ಮ ಮಳೆಯ ಹಾಗಲ್ಲ, ಪ್ಲಾಸ್ಟಿಕ್ ಫೈಲೇ ಆಗಬೇಕು. ಕೊಡೆ, ಸ್ವೆಟರ್ ನಾನು ಇಲ್ಲೇ ಕೊಂಡು ತರುತ್ತೇನೆ. ಅಡ್ಮಿಶನ್ನಿಗೆ ನಿನ್ನ ಜೊತೆ ಅಪ್ಪನೇ ಬರಲಿ, ನಾನು ಆ ಹೊತ್ತಿಗೆ ಅಜ್ಜಿಯ ಹತ್ತಿರ ಇರುತ್ತೇನೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಹೊರಟು ಬರುತ್ತಿದ್ದೇನೆ, ಕುಷ್ಟಗಿ ಸ್ಟ್ಯಾಂಡಿಗೆ ನಿನ್ನಪ್ಪನನ್ನು ಗಾಡಿ ತಗೊಂಡು ಬರಲು ಹೇಳು. ಮುಂದಿನ ಎರಡು ಪುಸ್ತಕಗಳನ್ನೂ ನಿನಗೆ ತರುತ್ತೇನೆ.

ನಿನ್ನ ಅತ್ತಿ